ಮೇಪಲ್ ಎಲೆ ಬಿಡಿ, ಸೀಬೆ ಎಲೆ ಹಿಡಿ: ಯುಕೆಜಿ ‘ಆಟಮ್ ಕಿಟ್’ ಹೇಗಿದೆ?

ಆನ್‌ಲೈನ್‌ನಲ್ಲಿ 1,800 ರೂಪಾಯಿ ಆಸುಪಾಸಿಗೆ ಸಿಗುವ ಈ ‘ಆಟಮ್’ (ಶರತ್ಕಾಲ) ಚಟುವಟಿಕೆಗಳ ಡಬ್ಬ ಇಪ್ಪತ್ತು ಮಕ್ಕಳ ತರಗತಿಗೆಂದು ಮಾಡಿದ್ದು. ಒಳಗೆ ಬಟ್ಟೆಯ ಮೇಪಲ್ ಎಲೆಗಳು, ಪ್ಲಾಸ್ಟಿಕ್ ಓಕ್ ಕಾಯಿಗಳು, ಎಲೆ ಅಚ್ಚಿನ ಆರು ಫಲಕ, ಕ್ರೇಯಾನ್, ಆಟದ ಹಿಟ್ಟಿನ ಪುಡಿ, ರಟ್ಟಿನ ಕುಂಬಳಕಾಯಿ ಮತ್ತು ಶಿಕ್ಷಕರ ಕೈಪಿಡಿ ಇವೆ. ಚಿಕ್ಕಮಗಳೂರಿನ ತರಗತಿಯಲ್ಲಿಟ್ಟು ನೋಡಿದರೆ, ತಿಂಗಳ ಲೆಕ್ಕವೊಂದು ಬಿಟ್ಟು ಕೈಪಿಡಿಗೆ ಪೂರ್ತಿ ಅಂಕ, ಸಾಮಗ್ರಿಗೆ ಅರ್ಧ ಅಂಕ.

ಮೊದಲ ಎಡವಟ್ಟು ತಿಂಗಳಿನದು. ಅಕ್ಟೋಬರಿನಲ್ಲಿ ಉದುರಿದ ಎಲೆ ಆರಿಸಿ ಎನ್ನುತ್ತದೆ ಕೈಪಿಡಿ. ಮೇಪಲ್ ಬೆಳೆಯುವ ಚಳಿದೇಶಕ್ಕೆ ಅದು ಸರಿ. ಇಲ್ಲಿ ಆಶ್ವಯುಜ-ಕಾರ್ತಿಕದ ಶರದೃತುವಿನಲ್ಲಿ ಮರಗಳು ಮಳೆ ಕುಡಿದು ದಟ್ಟ ಹಸಿರಾಗಿ ನಿಂತಿರುತ್ತವೆ. ಅರಳಿ, ಹೊಂಗೆ, ತೇಗ ಬೋಳಾಗುವುದು ಸಂಕ್ರಾಂತಿಯ ಆಚೀಚೆಯಿಂದ. ‘ಶರತ್ಕಾಲದಲ್ಲಿ ಎಲೆಗಳು ಉದುರುತ್ತವೆ’ ಎಂಬ ಕಿಟ್ಟಿನ ಕನ್ನಡ ಕಾರ್ಡನ್ನು ಓದಿಸಿ ಕಿಟಕಿಯಾಚೆ ತೋರಿಸಿದರೆ ಮಕ್ಕಳು ನಂಬುವುದು ಕಿಟಕಿಯನ್ನೇ. ಹಾಗಾಗಿ ಕಿಟ್ಟನ್ನು ಎರಡು ಪಾಲು ಮಾಡಿಕೊಳ್ಳಿ. ಕಾಯಿ, ಬೀಜ, ಕುಂಬಳ, ಚೆಂಡುಹೂವಿನ ಕೆಲಸ ದಸರಾ-ದೀಪಾವಳಿಯ ನಡುವೆ ಆಗಲಿ. ಎಲೆಯ ಬಣ್ಣದ ಪಾಠ ಜನವರಿ-ಫೆಬ್ರವರಿಗೆ ಇರಲಿ. ಬಾದಾಮಿ ಮರದ ಎಲೆ ಉದುರುವ ಮುಂಚೆ ಕೆಂಪಾಗುವುದರಿಂದ ಆಗ ಮೇಪಲ್ಲಿನ ಕೊರತೆ ಕಾಣದು. ಹಸಿರು ಕಳೆದಾಗ ಕಾಣುವ ಹಳದಿ ಎಲೆಯಲ್ಲಿ ಮೊದಲೇ ಅಡಗಿದ್ದದ್ದು, ಕೆಂಪು ಮಾತ್ರ ಎಲೆ ಕೊನೆಗಾಲದಲ್ಲಿ ಹೊಸದಾಗಿ ಮಾಡಿಕೊಳ್ಳುವಂಥದ್ದು. ಇಷ್ಟನ್ನು ಯುಕೆಜಿ ಮಕ್ಕಳಿಗೂ ಹೇಳಬಹುದು.

ಕೊಟ್ಟ ದುಡ್ಡು ಸಾರ್ಥಕವಾಗುವುದು ಎಲೆಯ ಮೇಲೆ ಹಾಳೆ ಇಟ್ಟು ಕ್ರೇಯಾನಿನಿಂದ ಉಜ್ಜಿ ಅಚ್ಚು ಮೂಡಿಸುವ ಚಟುವಟಿಕೆಯಲ್ಲಿ. ಫಲಕಗಳ ಗೆರೆ ಆಳವಾಗಿದೆ, ಅಭ್ಯಾಸಕ್ಕೆ ಒಳ್ಳೆಯದು. ನಿಜವಾದ ಎಲೆಗೆ ಬಂದಾಗ ಬೆನ್ನು ಮೇಲೆ ಮಾಡಿ ಇಡಬೇಕು, ನರ ಉಬ್ಬಿರುವುದು ಆ ಬದಿಯಲ್ಲಿ. ಕಿಟ್ಟಿನ ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ನರ ಏಳುವುದೇ ಇಲ್ಲ, 60-70 ಜಿಎಸ್‌ಎಂನ ಜೆರಾಕ್ಸ್ ಹಾಳೆ ಸಾಕು. ಕ್ರೇಯಾನಿನ ಕಾಗದ ಸುಲಿದು, ಅಡ್ಡ ಮಲಗಿಸಿ ಎಳೆಯಬೇಕು. ತುದಿಯಿಂದ ಗೀಚಿದರೆ ಹಾಳೆ ಹರಿಯುತ್ತದೆ. ನಾಲ್ಕು ವರ್ಷದ ಮಗುವಿಗೆ ಒಂದು ಕೈಯಲ್ಲಿ ಹಾಳೆ ಅದುಮಿ ಇನ್ನೊಂದರಲ್ಲಿ ಉಜ್ಜುವುದು ಕಷ್ಟ. ಎಲೆ ಜಾರಿ ಗೆರೆಗಳೆಲ್ಲ ಎರಡೆರಡು ಮೂಡುತ್ತವೆ. ಎಲೆಯ ಅಡಿಗೆ ಸುರುಳಿ ಸುತ್ತಿದ ಟೇಪ್, ಹಾಳೆಯ ನಾಲ್ಕು ಮೂಲೆಗೆ ಮಾಸ್ಕಿಂಗ್ ಟೇಪ್ ಹಾಕಿದರೆ ಆ ತಲೆನೋವಿಲ್ಲ. ಗರಿಗರಿ ಒಣಗಿದ ಎಲೆ ಪುಡಿಯಾಗುತ್ತದೆ, ಆಗಷ್ಟೇ ಕಿತ್ತದ್ದು ರಸ ಬಿಟ್ಟು ಹಾಳೆ ಒದ್ದೆ ಮಾಡುತ್ತದೆ. ಹಿಂದಿನ ದಿನ ಕಿತ್ತು ನ್ಯೂಸ್‌ಪೇಪರ್ ನಡುವೆ ಭಾರ ಹೇರಿಟ್ಟ ಎಲೆಯೇ ಹದ. ಸೀಬೆ ಎಲೆಯಷ್ಟು ಚೆನ್ನಾಗಿ ನರ ಏಳುವ ಎಲೆ ಕಡಿಮೆ. ಕಾಫಿ, ಅರಳಿ ಎಲೆಗೂ ಮೋಸವಿಲ್ಲ. ವೀಳ್ಯದೆಲೆ ಬೇಡ, ತೀರಾ ಮೆತ್ತಗೆ.

ರಟ್ಟಿನ ಕುಂಬಳಕಾಯಿಯನ್ನು ಡಬ್ಬದಲ್ಲೇ ಬಿಟ್ಟು ಸಂತೆಯಿಂದ ಎರಡು ಕೆ.ಜಿ.ಯ ಸಿಹಿಗುಂಬಳ ತನ್ನಿ. ಮೊದಲು ಬಕೆಟ್ ನೀರಿಗೆ ಬಿಡುವುದು. ಮುಳುಗುತ್ತದೆ ಅಂತ ಮಕ್ಕಳು ಕೂಗುತ್ತಾರೆ, ಒಳಗೆ ಪೊಳ್ಳಿರುವುದರಿಂದ ಅದು ತೇಲುತ್ತದೆ. ಆಮೇಲೆ ದೊಡ್ಡವರು ಕುಯ್ದು ಕೊಟ್ಟರೆ ಮಕ್ಕಳು ಕೈಯಿಂದಲೇ ಬೀಜ ಬಿಡಿಸುತ್ತಾರೆ. ಲೋಳೆ ಮುಟ್ಟಲು ಹೇಸುವ ಒಂದಿಬ್ಬರು ಇದ್ದೇ ಇರುತ್ತಾರೆ. ಅವರ ಕೈಗೆ ಚಮಚ ಕೊಡಿ, ಬಲವಂತ ಬೇಡ. ಎಣಿಸಲು 30 ಮೊಟ್ಟೆಯ ಟ್ರೇ ತರಿಸಿ. ಐದು-ಆರರ ಸಾಲಿನ ಆ ಟ್ರೇಯನ್ನು ಎರಡೆರಡು ಸಾಲಾಗಿ ಕತ್ತರಿಸಿದರೆ ಹತ್ತು ಗುಳಿಯ ಮೂರು ತಟ್ಟೆಗಳಾಗುತ್ತವೆ. ಗುಳಿಗೊಂದು ಬೀಜ ಇಡುವಾಗ ‘ಹತ್ತು’ ಕಣ್ಣಿಗೆ ಕಾಣುತ್ತದೆ, ಕಿಟ್ಟಿನ ಎಣಿಕೆ ಕಾರ್ಡಿಗೆ ಆ ಶಕ್ತಿಯಿಲ್ಲ. ತೊಳೆದ ಬೀಜವನ್ನು ಬಟ್ಟೆಯ ಮೇಲೆ ಹರಡಿ ಎರಡು ಬಿಸಿಲು ಕಾಣಿಸಬೇಕು. ಹಿಂಗಾರಿನ ಮೋಡ ಹಿಡಿದರೆ ಮರುದಿನವೇ ಬೂಷ್ಟು ಬರುತ್ತದೆ.

ಪ್ಲಾಸ್ಟಿಕ್ ಓಕ್ ಕಾಯಿ ಎರಡು ಸೆಂ.ಮೀ. ಅಷ್ಟೇ. ಗಂಟಲಿಗೆ ಸಿಕ್ಕಿಕೊಳ್ಳದಂತೆ, ಮೂರು ವರ್ಷದೊಳಗಿನವರ ಆಟಿಕೆಯ ಬಿಡಿಭಾಗ 3.17 ಸೆಂ.ಮೀ. ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯಬಾರದೆಂಬುದು ಸುರಕ್ಷತಾ ಅಳತೆ. ಪ್ಲೇಹೋಮಿನ ಪುಟ್ಟವರು ಅದೇ ಕೋಣೆಯಲ್ಲಿದ್ದರೆ ಈ ಕಾಯಿ ಹೊರಗೇ ತೆಗೆಯಬೇಡಿ. ಬದಲಿಗೆ ಸಿಪ್ಪೆ ಸಮೇತ ಕಿತ್ತಳೆ ಬಣ್ಣದ ಹಣ್ಣಡಿಕೆ ಇದೆಯಲ್ಲ, ತೋಟದವರನ್ನು ಕೇಳಿದರೆ ಪುಕ್ಕಟೆ. ದಪ್ಪದ್ದನ್ನೇ ಆರಿಸಿ ತನ್ನಿ. ಗುಲಗಂಜಿ ಮಾತ್ರ ಎಷ್ಟೇ ಚೆಂದ ಕಂಡರೂ ತರಗತಿಗೆ ಬರಬಾರದು. ಅಗಿದರೆ ಪ್ರಾಣಕ್ಕೇ ಸಂಚಕಾರ. ಹರಳು ಬೀಜವೂ ಅಷ್ಟೇ.

ಹಿಟ್ಟಿನ ಪುಡಿ ಬರೀ ಮೈದಾ-ಉಪ್ಪು, ಅದಕ್ಕೆ ದುಡ್ಡು ದಂಡ. ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ, ಮುಕ್ಕಾಲು ಕಪ್ ಬೆಚ್ಚಗಿನ ನೀರು ಹಾಕಿ ನಾದಿದರೆ ಐದಾರು ಮಕ್ಕಳಿಗೆ ಆಗುತ್ತದೆ. ಮಲೆನಾಡಿನ ಥಂಡಿಗೆ ಉಪ್ಪು ಗಾಳಿಯ ತೇವ ಹೀರಿಕೊಂಡು ಎರಡನೇ ದಿನ ಹಿಟ್ಟು ಬೆವರುತ್ತದೆ, ಆಗ ಒಂದು ಹಿಡಿ ಒಣ ಮೈದಾ ಸೇರಿಸಿ ನಾದಿ. ಬೆರಳಲ್ಲಿ ಗಾಯ ಇರುವ ಮಗುವಿಗೆ ಅವತ್ತು ಹಿಟ್ಟು ಬೇಡ, ಉರಿಯುತ್ತದೆ. ಎಲೆಯ ಹಳದಿಗೆ ಅರಿಶಿನ ಹಾಕುವವರು ಏಪ್ರನ್ ಹಾಕಿಸುವುದು ಕ್ಷೇಮ. ಯೂನಿಫಾರ್ಮಿಗೆ ಬಿದ್ದ ಅರಿಶಿನದ ಕಲೆ ಬಟ್ಟೆ ಸೋಪು ತಾಗಿದ ಕೂಡಲೇ ಆರತಿ ನೀರಿನಂತೆ ಕೆಂಪಾಗುತ್ತದೆ, ಮನೆಯಿಂದ ಫೋನ್ ಬರುತ್ತದೆ.

ಎರಡನೇ ಸಲ ಕೊಳ್ಳುವಾಗ ಪೂರ್ತಿ ಡಬ್ಬ ಬೇಕಿಲ್ಲ. ಅದೇ ಅಂಗಡಿ ಫಲಕ ಮತ್ತು ಕೈಪಿಡಿಯನ್ನು ಬಿಡಿಯಾಗಿಯೂ ಮಾರುತ್ತದೆ.