ವಿದೇಶದಲ್ಲಿ ಬೈಕ್ ಓಡಿಸುವವರಿಗೆ ಕಾಸರಗೋಡಿನ ಒಂದು ಸೇವಾ ಕೇಂದ್ರ

ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಸಮೀಪವಿರುವ ಈ ಕೇಂದ್ರಕ್ಕೆ ಜನರು ಹೋಗುವುದು ಹೆಚ್ಚಾಗಿ ಗಲ್ಫ್ ಟಿಕೆಟ್ಟಿಗೆ, ವೀಸಾ ಕೆಲಸಕ್ಕೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ (ಊರಿನ ಲೈಸೆನ್ಸಿನ ಆಧಾರದ ಮೇಲೆ, ವಿದೇಶದಲ್ಲಿ ವಾಹನ ಓಡಿಸಲು ಸರ್ಕಾರ ಕೊಡುವ ಪುಸ್ತಿಕೆ) ಅರ್ಜಿಯನ್ನೂ ಇವರು ಹಾಕಿಕೊಡುತ್ತಾರೆ ಎಂದು ತಿಳಿದು, ಥಾಯ್ಲೆಂಡಿನಲ್ಲಿ ಬೈಕ್ ಬಾಡಿಗೆಗೆ ಪಡೆದು ಸುತ್ತುವ ಉದ್ದೇಶದಿಂದ ನಾನು ಇಲ್ಲಿಗೆ ಹೋಗಿದ್ದೆ.

ನನಗೆ ಮೆಚ್ಚುಗೆಯಾದದ್ದು, ಅರ್ಜಿ ತೆರೆಯುವ ಮೊದಲೇ ಯಾವ ದೇಶ, ಯಾವ ವಾಹನ ಎಂದು ಅವರು ವಿಚಾರಿಸುವ ಕ್ರಮ. ಭಾರತ ಕೊಡುವ ಪರವಾನಗಿ ರಸ್ತೆ ಸಂಚಾರದ ಕುರಿತ 1949ರ ಜಿನೀವಾ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ್ದು. ಥಾಯ್ಲೆಂಡಿನಲ್ಲಿ ಅದು ನಡೆಯುತ್ತದೆ, ಆದರೆ 1968ರ ವಿಯೆನ್ನಾ ಒಪ್ಪಂದದ ಪರವಾನಗಿಯನ್ನು ಕೇಳುವ ವಿಯೆಟ್ನಾಂನಲ್ಲಿ ನಡೆಯುವುದಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ಬದಿಯಡ್ಕದ ಯುವಕನೊಬ್ಬನಿಗೆ ಅಲ್ಲಿನ ನೌಕರರು, "ವಿಯೆಟ್ನಾಂಗಾದರೆ ಇದನ್ನು ಮಾಡಿಸಿ ಪ್ರಯೋಜನ ಇಲ್ಲ ಮಾರಾಯ್ರೆ, ದುಡ್ಡು ದಂಡ" ಎಂದು ಹೇಳಿ ಕಳುಹಿಸಿದರು. ಕೈಗೆ ಬಂದ ಕಮಿಷನ್ನನ್ನು ಹೀಗೆ ಬಿಟ್ಟುಕೊಡುವವರು ಈ ವ್ಯವಹಾರದಲ್ಲಿ ವಿರಳ. ಶ್ರೀಲಂಕಾಕ್ಕೆ ಹೊರಟವರಿಗೆ, ಈ ಪರವಾನಗಿಯೊಂದೇ ಸಾಲದು, ಅಲ್ಲಿ ಸ್ಥಳೀಯ ಮಾನ್ಯತೆಯನ್ನೂ ಪಡೆಯಬೇಕು ಎಂದು ಅವರು ತಿಳಿಸುತ್ತಾರೆ. ಯುಎಇಯಲ್ಲಿ ವಾಸದ ವೀಸಾ ಇರುವವರಿಗೆ ಅಲ್ಲಿನ ಲೈಸೆನ್ಸೇ ಬೇಕೆಂಬುದು ನಮ್ಮೂರಲ್ಲಿ ಗೊತ್ತಿಲ್ಲದವರಿಲ್ಲ.

ಪರವಾನಗಿ ಕೈಗೆ ಬಂದ ದಿನ ಅವರು ಪುಸ್ತಿಕೆಯನ್ನು ಹಾಗೆಯೇ ಕೊಟ್ಟುಬಿಡದೆ, ವಾಹನಗಳ ವರ್ಗಗಳಿರುವ ಪುಟವನ್ನು ಬಿಡಿಸಿ, 'ಎ' ಎಂಬ ಅಕ್ಷರದ ಎದುರು ಮುದ್ರೆ ಬಿದ್ದಿದೆಯೇ ಎಂದು ನನ್ನ ಮುಂದೆಯೇ ಪರೀಕ್ಷಿಸಿದರು. ಮೋಟಾರ್ ಸೈಕಲ್ಲಿನ ವರ್ಗ ಅದೇ. ಊರಿನ ಲೈಸೆನ್ಸಿನಲ್ಲಿ ಕಾರು ಮಾತ್ರ ಇದ್ದವರಿಗೆ ಆ ಮುದ್ರೆ ಸಿಗುವುದಿಲ್ಲ. ಕಾರಿನ ವರ್ಗವಾದ 'ಬಿ' ಮಾತ್ರ ಇರುವ ಪುಸ್ತಿಕೆಯನ್ನು ಹಿಡಿದು ಬೈಕ್ ಓಡಿಸಿದರೆ ಪೊಲೀಸರ ಲೆಕ್ಕದಲ್ಲಿ ಅದು ಲೈಸೆನ್ಸ್ ಇಲ್ಲದ ಚಾಲನೆಯೇ. ಸರ್ಕಾರಿ ಶುಲ್ಕ 1000 ರೂಪಾಯಿ, ಗರಿಷ್ಠ ಅವಧಿ ಒಂದು ವರ್ಷ. ರಸೀದಿಯಲ್ಲಿ ಇವರು ತಮ್ಮ ಸೇವಾ ಶುಲ್ಕವನ್ನು ಬೇರೆಯಾಗಿಯೇ ಬರೆದಿದ್ದರು. ಹತ್ತು ವರ್ಷಗಳ ಅವಧಿಯ 'ಇಂಟರ್‌ನ್ಯಾಷನಲ್ ಲೈಸೆನ್ಸ್' ಎಂದು ಆನ್‌ಲೈನಿನಲ್ಲಿ ಮಾರುವ ಪ್ಲಾಸ್ಟಿಕ್ ಕಾರ್ಡುಗಳಿಗೆ ಕಾನೂನಿನ ಬಲವಿಲ್ಲ ಎಂದು ಗೋಡೆಯ ಮೇಲೆಯೇ ಬರೆದು ಅಂಟಿಸಿದ್ದಾರೆ.

ಕೊರತೆಗಳೂ ಇವೆ. ಕೌಂಟರಿನಲ್ಲಿ ಕೊಡುವ ದಾಖಲೆಗಳ ಪಟ್ಟಿ ಹಳೆಯದು. ವೈದ್ಯಕೀಯ ಪ್ರಮಾಣಪತ್ರ ಮತ್ತು ವೀಸಾದ ಷರತ್ತನ್ನು ಕೇಂದ್ರ ಸರ್ಕಾರ 2021ರ ಜನವರಿಯಲ್ಲಿಯೇ ತೆಗೆದುಹಾಕಿದ್ದರೂ ಪಟ್ಟಿಯಲ್ಲಿ ಅವೆರಡೂ ಉಳಿದಿವೆ. ನಾನು ಅದನ್ನು ತೋರಿಸಿದಾಗ ತಕರಾರಿಲ್ಲದೆ ಒಪ್ಪಿದರು, ಆದರೆ ಕೇಳದವರು ಡಾಕ್ಟರರ ಬಳಿಗೆ ಸುಮ್ಮನೆ ಅಲೆಯಬೇಕಾಗುತ್ತದೆ. ಇದಕ್ಕಿಂತ ಗಂಭೀರವಾದದ್ದು ವಿಮೆಯ ವಿಷಯ. ಟಿಕೆಟ್ಟಿನ ಜೊತೆಗೆ ಪ್ರವಾಸ ವಿಮೆಯನ್ನೂ ಮಾರುವ ಇವರು, ಬೈಕ್ ಅಪಘಾತಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಕೇಳಿದರೆ, "ಎಲ್ಲ ಸೇರಿದೆ" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಬಾಡಿಗೆ ಬೈಕನ್ನೇ ಹೊರಗಿಡುವ ಪಾಲಿಸಿಗಳಿವೆ. ಆ ಷರತ್ತನ್ನು ನಾನೇ ಕುಳಿತು ಓದಿ, ವಿಮೆಯನ್ನು ಬೇರೆಡೆ ಮಾಡಿಸಿದೆ.

ಬಾಡಿಗೆ ಬೈಕಿನ ಪ್ರವಾಸಕ್ಕೆ ಈ ಕೇಂದ್ರ ಧಾರಾಳವಾಗಿ ಸಾಕು. ಸ್ವಂತ ಬೈಕನ್ನೇ ಇರಾನಿನಂತಹ ದೇಶಕ್ಕೆ ಒಯ್ಯುವವರಿಗೆ ವಾಹನವನ್ನು ಆಮದು ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಳಗೆ ಬಿಡಲು ಬೇಕಾಗುವ ಕಸ್ಟಮ್ಸಿನ ಕಾರ್ನೆ ಪತ್ರ ಇರಬೇಕು, ಅದರ ಗಂಧಗಾಳಿ ಇವರಿಗಿಲ್ಲ. ನೇಪಾಳಕ್ಕಾದರೆ ನಮ್ಮ ಲೈಸೆನ್ಸ್, ಆರ್‌ಸಿಯ ಜೊತೆಗೆ ಗಡಿಯಲ್ಲಿ ಭನ್ಸಾರ್ (ನೇಪಾಳದ ಕಸ್ಟಮ್ಸ್) ಶುಲ್ಕ ಕಟ್ಟಿದರೆ ಸಾಗುವುದರಿಂದ, ಅಂಥವರು ಇಲ್ಲಿಗೆ ಬರುವ ಅಗತ್ಯವೇ ಇಲ್ಲ.