ದೊಡ್ಡಕ್ಷರದ ಸತ್ಯವೇದ ತಗೊಳ್ಳಬೇಕಾ? ಹೊಲಿಗೆಯವಳೊಬ್ಬಳ ಮಾತು

ಕಣ್ಣು ಕಡಿಮೆ ಕಾಣುವವರಿಗೆ ಯಾವ ಸತ್ಯವೇದ, ಅಂದರೆ ಬೈಬಲ್, ಒಳ್ಳೆಯದು ಅಂತ ನನ್ನನ್ನು ಕೇಳುವವರು ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು, ಅದಕ್ಕೆ ಬರೆಯುತ್ತಿದ್ದೇನೆ. ನಾನು ಗುಳೇದಗುಡ್ಡದವಳು. ಖಣದ ಕುಬಸ ಹೊಲಿಯುವುದು ನನ್ನ ಕೆಲಸ. ಪುಸ್ತಕ ಕೈಗೆ ಬಂದರೂ ಮೊದಲು ನೋಡುವುದು ಹೊಲಿಗೆಯನ್ನೇ. ಆದ್ದರಿಂದ ಪಂಡಿತರ ಅಭಿಪ್ರಾಯ ಬೇಕಿದ್ದವರು ಬೇರೆ ಕಡೆ ಕೇಳಿ.

ಮೊದಲು ಕಣ್ಣಿನ ವಿಷಯ. ನನಗಿರುವುದು ಮೋತಿಬಿಂದು ಅಲ್ಲ, ಗ್ಲಾಕೋಮಾ. ಮೋತಿಬಿಂದು ಆದರೆ ಆಪರೇಷನ್ ಮಾಡಿ ಲೆನ್ಸ್ ಕೂರಿಸುತ್ತಾರೆ, ಮತ್ತೆ ಕಾಣುತ್ತದೆ. ಇದು ಹಾಗಲ್ಲ. ಕಣ್ಣಿನ ನರ ಸವೆಯುತ್ತದೆ, ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತದೆ. ಹೋದ ನೋಟ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಲು ದಿನಾ ಡ್ರಾಪ್ಸ್ ಬಿಡಬೇಕು. ಬಾಗಲಕೋಟೆಯ ಡಾಕ್ಟರು ಇದನ್ನು ಬಿಡಿಸಿ ಹೇಳಿದಾಗ ನನಗೆ ಮೊದಲು ನೆನಪಾಗಿದ್ದು ಸೂಜಿ. ಆಮೇಲೆ ಸತ್ಯವೇದ.

ಎಲ್ಲರೂ ಹೇಳಿದ್ದು ಒಂದೇ ಮಾತು: "ದೊಡ್ಡಕ್ಷರದ್ದು ತಗೊಂಡು ಬಿಡ್ರಿ." ಹುಬ್ಬಳ್ಳಿಯ ಒಂದು ಪುಸ್ತಕದಂಗಡಿಗೆ ಹೋದೆ. ಅಲ್ಲಿ ಎರಡು ಅಳತೆ ಇದ್ದವು. ತೀರಾ ದೊಡ್ಡಕ್ಷರದ್ದನ್ನು ತೆರೆದೆ. ವಿಚಿತ್ರ ಅಂದರೆ ಅದು ನನಗೆ ಇನ್ನೂ ಕಷ್ಟವಾಯಿತು. ನನ್ನ ಕಣ್ಣಿಗೆ ಕಾಣುವುದು ನಡುವಿನ ಒಂದು ಬಟ್ಟಲಗಲ ಜಾಗ ಮಾತ್ರ. ಅಕ್ಷರ ದೊಡ್ಡದಾದಷ್ಟೂ ಆ ಬಟ್ಟಲಿನಲ್ಲಿ ಹಿಡಿಸುವ ಪದ ಕಡಿಮೆ. ಒಂದು ಪದ ಓದಿ ಮುಂದಿನ ಪದ ಹುಡುಕುವಷ್ಟರಲ್ಲಿ ಹಿಂದಿನದು ಮರೆತು ಹೋಗುತ್ತದೆ. ನಡುವಿನ ಅಳತೆಯದೇ ಸರಿ ಅನ್ನಿಸಿತು. ಪುಟಕ್ಕೆ ಎರಡು ಕಾಲಂ ಇರುವುದರಿಂದ ಸಾಲು ಗಿಡ್ಡ, ಕಣ್ಣು ಬಹಳ ದೂರ ಓಡಬೇಕಾಗಿಲ್ಲ. ಮೋತಿಬಿಂದುವಿನವರಿಗೆ, ಬರೀ ಚಾಳೀಸಿನವರಿಗೆ ಬೇರೆ ಲೆಕ್ಕ ಇರಬಹುದು. ಒಟ್ಟಿನಲ್ಲಿ ಅಂಗಡಿಯಲ್ಲಿ ನಿಂತು ಒಂದು ಇಡೀ ಕೀರ್ತನೆ, ಅಂದರೆ ಸತ್ಯವೇದದೊಳಗಿನ ಒಂದು ಪ್ರಾರ್ಥನೆಯ ಹಾಡು, ಓದಿ ನೋಡದೆ ದುಡ್ಡು ಕೊಡಬೇಡಿ. ಅಂಗಡಿಯವನು ಗೊಣಗಿದರೆ ಗೊಣಗಲಿ.

ಈಗ ಹೊಲಿಗೆ. ಪುಸ್ತಕವನ್ನು ಬೆನ್ನಿನ ಕಡೆಯಿಂದ ನೋಡಿ. ಹಾಳೆಗಳು ಸಣ್ಣ ಸಣ್ಣ ಕಟ್ಟುಗಳಾಗಿ ಮಡಚಿರಬೇಕು. ಪ್ರತಿ ಕಟ್ಟಿನ ನಡು ತೆರೆದರೆ ದಾರ ಕಾಣಬೇಕು. ದಾರ ಇಲ್ಲದೆ ಬರೀ ಗಮ್ ಹಾಕಿ ಅಂಟಿಸಿದ್ದರೆ ನಮ್ಮ ಬಿಸಿಲಿಗೆ ಗಮ್ ಒಣಗಿ ಹಾಳೆ ಉದುರಲು ಶುರುವಾಗುತ್ತದೆ. ಅದರಲ್ಲೂ ಕೀರ್ತನೆಗಳು ಪುಸ್ತಕದ ನಡುವಿಗೆ ಬರುತ್ತವೆ, ಎಲ್ಲರೂ ಜಾಸ್ತಿ ತೆರೆಯುವುದೂ ಅಲ್ಲೇ. ಮೊದಲು ಬಿಡುವುದೂ ಅಲ್ಲೇ. ನಾನು ತಗೊಂಡದ್ದರಲ್ಲಿ ದಾರ ಇದೆ, ಆದರೆ ಟಾಕಿ ದೂರ ದೂರ. ಕುಬಸಕ್ಕೆ ನಾನು ಹಾಗೆ ಹಾಕಿದರೆ ಗಿರಾಕಿ ಮುಖಕ್ಕೆ ಎಸೆಯುತ್ತಾರೆ. ಇರಲಿ, ನಡೆಯುತ್ತದೆ.

ಕಾಗದ ತೆಳು. ಅರವತ್ತಾರು ಪುಸ್ತಕ ಒಂದರಲ್ಲೇ ಹಿಡಿಸಬೇಕಲ್ಲ, ಹಾಗಾಗಿ ತೆಳು ಕಾಗದವೇ ಗತಿ. ಹಿಂದಿನ ಪುಟದ ಅಕ್ಷರ ಈಚೆಗೆ ಕಾಣುತ್ತದೆ. ಅದಕ್ಕೆ ಒಂದು ಉಪಾಯ ಇದೆ. ಓದುವ ಹಾಳೆಯ ಹಿಂದೆ ಒಂದು ಕರಿ ರಟ್ಟು ಇಡಿ, ಹಿಂದಿನ ಅಕ್ಷರ ಮಾಯ. ಇನ್ನೊಂದು ಕರಿ ರಟ್ಟಿನಲ್ಲಿ ಎರಡು ಸಾಲು ಕಾಣುವಷ್ಟು ಉದ್ದನೆಯ ಕಿಂಡಿ ಕತ್ತರಿಸಿಕೊಂಡು ಮೇಲಿನಿಂದ ಸರಿಸುತ್ತಾ ಹೋಗಿ. ಸಾಲು ತಪ್ಪುವುದಿಲ್ಲ, ಬಿಳಿ ಹಾಳೆ ಕಣ್ಣಿಗೆ ಹೊಡೆಯುವುದೂ ಇಲ್ಲ. ಕತ್ತರಿ ಹಿಡಿದು ಬದುಕಿದವಳಿಗೆ ಇದೇನು ದೊಡ್ಡ ಕೆಲಸ? ಯೇಸುವಿನ ಮಾತುಗಳನ್ನು ಕೆಂಪಕ್ಷರದಲ್ಲಿ ಅಚ್ಚು ಹಾಕಿದ ಪ್ರತಿ ಮಾತ್ರ ಬೇಡವೇ ಬೇಡ. ನೋಡಲು ಚೆಂದ. ಹಳದಿ ಬಲ್ಬಿನ ಬೆಳಕಿನಲ್ಲಿ ಆ ಕೆಂಪು ಪೂರ್ತಿ ಮಂಕಾಗುತ್ತದೆ, ಮುಖ್ಯವಾದ ಮಾತೇ ಕಾಣುವುದಿಲ್ಲ.

ತೂಕವೂ ಜಾಸ್ತಿ. ತೊಡೆಯ ಮೇಲೆ ಇಟ್ಟುಕೊಂಡು ಓದಲು ಆಗುವುದಿಲ್ಲ. ನಾನು ಮಷಿನ್ ಮೇಲೆಯೇ ಇಡುತ್ತೇನೆ, ಸೂಜಿಗೆ ಬೀಳುವ ಲೈಟು ಪುಟಕ್ಕೆ ಬೀಳುತ್ತದೆ. ಭಾರ ಎತ್ತಲಾಗದವರು ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಮಾತ್ರ ಇರುವ ಪುಸ್ತಕ ತಗೊಳ್ಳಲಿ. ಅರ್ಧ ಸತ್ಯವೇದ ಅಂತ ಯಾರಾದರೂ ಮೂಗು ಮುರಿದರೆ ಐನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಸಭೆಯ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರನ ಹೆಸರು ಹೇಳಿ. 1528ರಲ್ಲಿ ಬರೆದ ಒಂದು ಮುನ್ನುಡಿಯಲ್ಲಿ ಆತ ಕೀರ್ತನೆಗಳನ್ನು ಚಿಕ್ಕ ಸತ್ಯವೇದ ಅಂತಲೇ ಕರೆಯಬಹುದು ಅಂದಿದ್ದಾನೆ. ಇಡೀ ಪುಸ್ತಕದ ಸಾರ ಅದರಲ್ಲಿದೆ ಅಂತ.

ಲೂಥರ್ ಎಲ್ಲಿಂದ ಬಂದ ಅಂತೀರಾ? ನಮ್ಮದು ಬಾಸೆಲ್ ಮಿಷನ್ ಮಂದಿಯ ಸಭೆ, ಈಗ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ. ಬಾಸೆಲ್ ಮಿಷನ್ ಅಂದರೆ ಬಹಳ ಜನಕ್ಕೆ ಕಿಟೆಲ್ ಅವರ 1894ರ ನಿಘಂಟು ಅಷ್ಟೇ ಗೊತ್ತು. ಆ ಮಿಷನ್ ಪೂರ್ತಿ ಲೂಥರನ್ ಅಲ್ಲ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶುರುವಾದದ್ದು. ಜರ್ಮನಿಯ ವುರ್ಟೆಂಬರ್ಗ್ ಕಡೆಯ ಲೂಥರನ್ನರೂ ಪ್ರೊಟೆಸ್ಟೆಂಟರಲ್ಲೇ ಇನ್ನೊಂದು ಪಂಗಡವಾದ ಸ್ವಿಸ್ ರಿಫಾರ್ಮ್ಡ್ ಜನರೂ ಅದರಲ್ಲಿ ಕೂಡಿ ಕೆಲಸ ಮಾಡಿದರು. 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ನಮ್ಮೂರಿಗೆ. ಹಾಗಾಗಿ ನಮ್ಮಲ್ಲಿ ಲೂಥರ್ ಹೊರಗಿನವನಲ್ಲ. ಅಕ್ಟೋಬರ್ 31 ಅವನ ಸುಧಾರಣೆಯನ್ನು ನೆನೆಯುವ ದಿನ, ಅದರ ಆಸುಪಾಸಿನ ಭಾನುವಾರ ಅವನ ಹೆಸರು ಬಂದೇ ಬರುತ್ತದೆ. ನನ್ನ ತಂಗಿಯ ಮಗಳು ಈಗ ಅದೇ ವುರ್ಟೆಂಬರ್ಗ್ ಕಡೆ ನರ್ಸ್ ಆಗಿದ್ದಾಳೆ, ಅಲ್ಲಿಯ ಲೂಥರನ್ ಸಭೆಗೆ ಹೋಗುತ್ತಾಳೆ. "ಇಲ್ಲೂ ವಯಸ್ಸಾದವರೇ ಜಾಸ್ತಿ ದೊಡ್ಡವ್ವ, ಆರಾಧನೆ ಮುಗಿದ ಮೇಲೆ ಕಾಫಿ ಕುಡಕೋತ ಮಾತಾಡ್ತಾರ" ಅಂದಳು. ನಮ್ಮಲ್ಲಿ ಚಹಾ ಮತ್ತು ಚುರುಮುರಿ. ಅಷ್ಟೇ ವ್ಯತ್ಯಾಸ.

ಪುಸ್ತಕದ ಬದಲು ಮೊಬೈಲ್ ಆ್ಯಪ್ ಸಾಲದಾ ಅಂತಲೂ ಕೇಳುತ್ತಾರೆ. ಕೇಳಿಸಿಕೊಳ್ಳುವ ಸತ್ಯವೇದ ಕನ್ನಡದಲ್ಲಿ ಪುಕ್ಕಟೆ ಸಿಗುತ್ತದೆ. ಹೊಲಿಯುತ್ತಾ ಕೇಳಬಹುದು. ಸುವಾರ್ತೆಗಳು, ರೂತಳ ಕಥೆ, ಯೋಸೇಫನ ಕಥೆ, ಇವಕ್ಕೆಲ್ಲ ಬಹಳ ಚೆನ್ನಾಗಿದೆ. ನೆಹೆಮೀಯನ ಪುಸ್ತಕದ ಹೆಸರುಗಳ ಪಟ್ಟಿಯನ್ನು ಅದರಲ್ಲಿ ಓದುವ ಮನುಷ್ಯ ಒಂದೂ ತಡವರಿಸದೆ ಓದುತ್ತಾನೆ, ಅದಕ್ಕೇ ಒಂದು ನಮಸ್ಕಾರ. ನನ್ನ ತಕರಾರು ಬೇರೆ. ಒಂದು ಅಧ್ಯಾಯ ಮುಗಿದ ಕೂಡಲೇ ಅದು ತಾನೇ ಮುಂದಿನದಕ್ಕೆ ಹೋಗುತ್ತದೆ. ನಾನು ಕೇಳುತ್ತಿದ್ದದ್ದು 88ನೇ ಕೀರ್ತನೆ.

ಆ ಕೀರ್ತನೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನೂರೈವತ್ತು ಕೀರ್ತನೆಗಳಲ್ಲಿ ಗೋಳು ತೋಡಿಕೊಳ್ಳುವಂಥವು ಬಹಳ ಇವೆ. ಹೆಚ್ಚಿನವು ಕೊನೆಗೆ ಬರುವಷ್ಟರಲ್ಲಿ ದೇವರ ಸ್ತುತಿಗೆ ತಿರುಗಿಕೊಳ್ಳುತ್ತವೆ. ಇದು ತಿರುಗುವುದಿಲ್ಲ. ಹಗಲೂ ರಾತ್ರಿ ಕೂಗುತ್ತಿದ್ದೇನೆ, ಯಾಕೆ ಮುಖ ಮರೆಮಾಡಿಕೊಂಡೆ ಅಂತ ಅದನ್ನು ಬರೆದವನು ದೇವರನ್ನೇ ಕೇಳುತ್ತಾನೆ. ದುಃಖದಿಂದ ಕಣ್ಣು ಮಬ್ಬಾಯಿತು ಅನ್ನುವ ಮಾತು ನಡುವೆ ಬರುತ್ತದೆ. ಕೊನೆಯಲ್ಲಿ ಗೆಳೆಯರೆಲ್ಲ ದೂರವಾಗಿ ಕತ್ತಲೆಯೊಂದೇ ಉಳಿಯುತ್ತದೆ. ಅಲ್ಲಿಗೆ ಮುಗಿಯಿತು. ಆಮೆನ್ ಇಲ್ಲ, ಸ್ತೋತ್ರ ಇಲ್ಲ. ಇಂಥದ್ದೂ ಸತ್ಯವೇದದಲ್ಲಿ ಇದೆಯಲ್ಲ ಅಂತ ನನಗೆ ಎಷ್ಟು ಧೈರ್ಯ ಬಂತು ಅಂದರೆ ಹೇಳಲಾಗದು. ನನ್ನ ಬಾಯಿಂದ ಬರಬೇಕಾಗಿದ್ದ ಮಾತನ್ನು ಯಾರೋ ಮೊದಲೇ ದೇವರ ಮುಂದೆ ಇಟ್ಟುಬಿಟ್ಟಿದ್ದರು. ಆ್ಯಪಿನಲ್ಲಿ ಮಾತ್ರ ಕತ್ತಲೆ ಅಂತ ಮುಗಿಸಿದವನು ಉಸಿರು ಬಿಡುವಷ್ಟೂ ಹೊತ್ತು ಕೊಡದೆ 89ಕ್ಕೆ ಹೋಗಿ, ಅದೇ ದನಿಯಲ್ಲಿ, ಸದಾ ಹಾಡುತ್ತೇನೆ ಅಂತ ಶುರು ಮಾಡಿದ. ನನಗೆ ಸಿಟ್ಟು ಬಂತು. ಮಷಿನ್ ಬಿಟ್ಟು ಎದ್ದು ಹೋಗಿ ಆಫ್ ಮಾಡಿದೆ.

ಅದೇ ಕೀರ್ತನೆಯನ್ನು ನಮ್ಮ ಹೆಂಗಸರ ಕೂಟದಲ್ಲಿ ಓದಿಸಿದೆ. ಕೂಟ ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ. ಪಿಯುಸಿ ಓದುವ ಒಬ್ಬ ಹುಡುಗಿ ಇದ್ದಾಳೆ, ನನ್ನ ಬದಲು ಅವಳೇ ಓದುತ್ತಾಳೆ. ದೊಡ್ಡ ಹೆಸರು ಬಂದರೆ ಎಡವುತ್ತಾಳೆ, ನಗುತ್ತಾಳೆ, ಮತ್ತೆ ಓದುತ್ತಾಳೆ. ಅವತ್ತು ಮುಗಿಸಿ ನನ್ನ ಮುಖ ನೋಡಿದಳು.

"ಮುಂದಿಂದು ಓದ್ಲೇನ್ರಿ ಆಂಟಿ?"

"ಬ್ಯಾಡವ್ವ, ಇಲ್ಲೇ ನಿಲ್ಸು."

ನಿಲ್ಲಿಸಿದಳು. ಯಾರೂ ಮಾತಾಡಲಿಲ್ಲ. ಓದಲು ಬಾರದ ಒಬ್ಬ ಆಯಿ ಇದ್ದಾರೆ, ಸಂಗೀತ ಪುಸ್ತಕದ ಹಾಡೆಲ್ಲ ಅವರಿಗೆ ಬಾಯಿಪಾಠ. ಅವರು ತಮ್ಮ ಗಂಡ ಸತ್ತ ವರ್ಷದ ವಿಷಯ ತೆಗೆದರು. ಇನ್ನೊಬ್ಬಳು ಮಗನ ಕುಡಿತದ ವಿಷಯ. ನನ್ನ ಸರದಿ ಬಂದಾಗ ನಾನೂ ಹೇಳಿದೆ, ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಅಂತ. ಮನೆಯಲ್ಲಿ ಯಾರಿಗೂ ಅದನ್ನು ಹೇಳಿರಲಿಲ್ಲ.

ಮುಂದೆ ಆದದ್ದು ಬಹಳ ಸಾದಾ. ಶ್ರಾವಣ ಹತ್ತಿರ ಬಂತು. ಪಂಚಮಿಗೆ ಹೊಸ ಕುಬಸ ಬೇಕು ಅಂತ ಗಿರಾಕಿಗಳು ಸಾಲು ಹಚ್ಚುವ ಕಾಲ. ಕತ್ತರಿಸುವುದು ನನಗೆ ಅಳತೆಯ ಮೇಲೆ, ಕೈಯ ಮೇಲೆ ಬರುತ್ತದೆ. ಮಷಿನ್ ಹೊಲಿಗೆಯೂ ನಡೆಯುತ್ತದೆ. ಕಷ್ಟ ಇದ್ದದ್ದು ಹುಕ್ಕು, ಕಾಜಾ, ಕೈಹೊಲಿಗೆ. ಕೂಟದ ಹೆಂಗಸರು ಮಧ್ಯಾಹ್ನದ ರೊಟ್ಟಿ ಕೆಲಸ ಮುಗಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂತು ಅದನ್ನೆಲ್ಲ ಮಾಡಿಕೊಟ್ಟರು. ಒಂದಿಷ್ಟು ಸೂಜಿಗೆ ಮೊದಲೇ ದಾರ ಪೋಣಿಸಿ ಸ್ಪಂಜಿಗೆ ಚುಚ್ಚಿಟ್ಟು ಹೋಗುತ್ತಿದ್ದರು. ಪಕ್ಕದ ಲಿಂಗಾಯತರ ಮನೆಯ ಅಕ್ಕನೂ ಬಂದು ಕೂಡಿಕೊಂಡರು. ಅವರಿಗೆ ಕೀರ್ತನೆ ಗೊತ್ತಿಲ್ಲ, ಕಾಜಾ ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಾರೆ.

ಇದನ್ನು ನಮ್ಮ ಸಭಾಪಾಲಕರಿಗೆ ಹೇಳಿದಾಗ ಅವರು ಲೂಥರನ ಒಂದು ಬರಹದ ಮಾತು ತೆಗೆದರು. 1537ರ ಸ್ಮಾಲ್ಕಾಲ್ಡ್ ಲೇಖನಗಳು ಅಂತ, ಲೂಥರನ್ ಸಭೆಗಳು ಇವತ್ತಿಗೂ ತಮ್ಮದು ಅಂತ ಒಪ್ಪುವ ಬರಹ. ದೇವರ ಕೃಪೆ ನಮ್ಮನ್ನು ಮುಟ್ಟುವ ದಾರಿಗಳನ್ನು ಅದರಲ್ಲಿ ಎಣಿಸುತ್ತಾನೆ: ಪ್ರಸಂಗ, ದೀಕ್ಷಾಸ್ನಾನ, ಕರ್ತನ ಭೋಜನ, ಪಾಪಕ್ಷಮೆಯ ಮಾತು. ಅಷ್ಟಕ್ಕೆ ನಿಲ್ಲದೆ, ಸಹೋದರರು ಒಬ್ಬರಿಗೊಬ್ಬರು ಮಾತಾಡಿ ಸಮಾಧಾನ ಹೇಳುವುದನ್ನೂ ಅದೇ ಪಟ್ಟಿಗೆ ಸೇರಿಸುತ್ತಾನೆ. ಚಹಾ ಕುಡಿಯುತ್ತಾ ಆಡುವ ಮಾತೂ ಆ ಸಾಲಿಗೆ ಬರುತ್ತದೆ ಅಂದರೆ ಕಟ್ಟೆಯ ಮೇಲೆ ಕೂತವರಿಗೆ ಖುಷಿ ಆಗದೇ ಇರುತ್ತದಾ? ಲೂಥರನಿಗೂ ಮನಸ್ಸು ಕುಗ್ಗುವ ಕಾಟ ಇತ್ತಂತೆ. ಹಾಗೆ ಕುಗ್ಗಿದವರಿಗೆ ಆತ ಬರೆದ ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ಬುದ್ಧಿಮಾತು ಒಂದೇ, ಒಬ್ಬರೇ ಕೂರಬೇಡಿ, ನಾಲ್ಕು ಜನರ ಜೊತೆ ಸೇರಿ ನಕ್ಕು ಮಾತಾಡಿ.

ಎಲ್ಲ ಮಾತೂ ಸಮಾಧಾನ ಆಗುವುದಿಲ್ಲ, ಅದನ್ನೂ ಹೇಳಬೇಕು. ಬೇರೆ ಊರಿನಿಂದ ಬಂದ ಸಂಬಂಧಿಕರೊಬ್ಬರು ನಂಬಿಕೆ ಗಟ್ಟಿ ಇದ್ದರೆ ಡ್ರಾಪ್ಸ್ ಯಾಕೆ ಬೇಕು ಅಂದರು. ನನ್ನ ರಕ್ತ ಕುದಿಯಿತು. ಗ್ಲಾಕೋಮಾ ಇರುವವರು ಯಾರ ಮಾತು ಕೇಳಿಯೂ ಡ್ರಾಪ್ಸ್ ಹಾಕುವುದನ್ನು ನಿಲ್ಲಿಸಬೇಡಿ. ಆ ಸಂಬಂಧಿಕರಿಗೆ ಉತ್ತರ ಕೊಟ್ಟದ್ದು ಆ ಪಿಯುಸಿ ಹುಡುಗಿ. ಯೋಹಾನನ ಸುವಾರ್ತೆ ಒಂಬತ್ತನೇ ಅಧ್ಯಾಯ ತೆಗೆದು ಓದಿದಳು. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಪಾಪ ಮಾಡಿದವರು ಯಾರು, ಇವನಾ ಇವನ ತಂದೆತಾಯಿಯಾ ಅಂತ ಕೇಳುತ್ತಾರೆ. ಇವನೂ ಅಲ್ಲ, ಅವರೂ ಅಲ್ಲ ಅಂತ ಯೇಸು ಹೇಳುತ್ತಾನೆ. ಓದಿ ಪುಸ್ತಕ ಮುಚ್ಚಿ ಚಹಾ ತರಲು ಒಳಗೆ ಹೋದಳು.

ಹಾಗಾಗಿ ನನ್ನ ಅಭಿಪ್ರಾಯ: ಪುಸ್ತಕಕ್ಕೆ ಐದರಲ್ಲಿ ಮೂರೂವರೆ. ಆ್ಯಪಿಗೆ ಮೂರು, ಅಧ್ಯಾಯ ಮುಗಿದ ಮೇಲೆ ನಿಲ್ಲುವ ಹಾಗೆ ಮಾಡಿದರೆ ನಾಲ್ಕು. ಎರಡರಲ್ಲಿ ಒಂದೇ ಅಂದರೆ ಪುಸ್ತಕ ತಗೊಳ್ಳಿ, ಯಾಕೆಂದರೆ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು "ಸ್ವಲ್ಪ ಓದವ್ವ" ಅನ್ನಬಹುದು. ಮೊಬೈಲ್ ಕೊಟ್ಟರೆ ಹುಡುಗಿ ವಾಟ್ಸಾಪ್ ನೋಡುತ್ತಾಳೆ.

ಕೊನೆಗೆ ಹೊದಿಕೆ. ಜಿಪ್ ಇರುವ ರೆಕ್ಸಿನ್ ಕವರಿನದು ಬೇಡ. ಜಿಪ್ ಮೊದಲು ಕೆಡುತ್ತದೆ, ಆಮೇಲೆ ರೆಕ್ಸಿನ್ ಸಿಪ್ಪೆ ಬಿಡುತ್ತದೆ. ಸಾದಾ ರಟ್ಟಿನ ಬೈಂಡಿನದು ತಗೊಂಡು ಬಟ್ಟೆ ಹೊದಿಕೆ ಹಾಕಿ. ನಾನು ಉಳಿದ ಖಣದ ತುಂಡಿನಲ್ಲಿ ಹೊಲಿದುಕೊಂಡೆ, ಎರಡೂ ಅಂಚು ಹಾಗೇ ಇಟ್ಟು, ಒಳಗೆ ಕಾಟನ್ ಅಸ್ತರ್ ಕೊಟ್ಟು. ಮೇಲೆ ತೇರಿನ ಚಿತ್ತಾರ ಬಂದಿದೆ. ಸತ್ಯವೇದಕ್ಕೆ ತೇರು ಯಾಕೆ ಅಂತ ಒಬ್ಬರು ಹುಬ್ಬೇರಿಸಿದರು, ಪ್ರವಾದಿ ಎಲೀಯ ಸ್ವರ್ಗಕ್ಕೆ ಹೋಗುವಾಗ ರಥ ಬರಲಿಲ್ಲವಾ ಅಂತ ಆಯಿ ಬಾಯಿ ಮುಚ್ಚಿಸಿದರು. ಇಂಥದ್ದೇ ಹೊಲಿದುಕೊಡಿ ಅಂತ ಕೇಳಿದವರು ಪುಸ್ತಕದ ಅಳತೆ ಬರೆದು ಕಳಿಸಿ. ದಪ್ಪವನ್ನೂ ಬರೆಯಿರಿ, ಎಲ್ಲರೂ ಅದನ್ನೇ ಮರೆಯುತ್ತಾರೆ. ಶ್ರಾವಣದ ಕುಬಸ ಮುಗಿಯುವವರೆಗೆ ಮಾತ್ರ ಕೇಳಬೇಡಿ.