ಬೈಕ್ ಆರಿಸುವ ಮೊದಲು ಸರ್ವಿಸ್ ಸೆಂಟರ್ ನೋಡಿ: ಎರಡು ಕಂಪನಿಗಳ ಬೈಕ್ ಬಳಸಿದವನ ವಿಮರ್ಶೆ

ಮೋಟಾರ್‌ಸೈಕಲ್ ವಿಮರ್ಶೆಗಳಲ್ಲಿ ಎಂಜಿನ್‌ನ ಶಕ್ತಿ, ಟಾರ್ಕ್, ಮೈಲೇಜ್, ಸಸ್ಪೆನ್ಷನ್ ಕುರಿತು ಪುಟಗಟ್ಟಲೆ ಬರೆಯುತ್ತಾರೆ. ಆದರೆ ಗಾಡಿ ಸ್ವಲ್ಪ ಹಳೆಯದಾದ ಮೇಲೆ ಮಾಲೀಕನ ನೆಮ್ಮದಿ ಬಹುಮಟ್ಟಿಗೆ ಡೀಲರ್‌ನ ಸರ್ವಿಸ್ ಸೆಂಟರ್‌ನ ಕೈಯಲ್ಲಿರುತ್ತದೆ. ಬೇರೆ ಬೇರೆ ಕಂಪನಿಗಳ ಎರಡು ಬೈಕ್‌ಗಳನ್ನು ವರ್ಷಗಟ್ಟಲೆ ಬಳಸಿದ ಮೇಲೆ ಬರೆಯುತ್ತಿರುವ ಈ ವಿಮರ್ಶೆಯಲ್ಲಿ ಆ ಕಂಪನಿಗಳ ಹೆಸರು ಹೇಳುತ್ತಿಲ್ಲ. ಒಂದೇ ಕಂಪನಿಯ ಇಬ್ಬರು ಡೀಲರ್‌ಗಳ ಕೆಲಸದಲ್ಲಿ ಇರುವ ಅಂತರವು ಎರಡು ಕಂಪನಿಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರುವುದನ್ನು ಕಂಡಿರುವುದರಿಂದ, ಹೆಸರು ಹೇಳಿದರೆ ಓದುಗರು ದಾರಿ ತಪ್ಪುವ ಸಂಭವವೇ ಹೆಚ್ಚು.

ಮೊದಲಿನ ಬೈಕ್ ಓಡಿಸುವುದಕ್ಕೆ ಬಹಳ ಚೆನ್ನಾಗಿತ್ತು. ಆದರೆ ಎಂಜಿನ್ ಕಾದು, ರೇಡಿಯೇಟರ್ ಫ್ಯಾನ್ ತಿರುಗತೊಡಗಿದಾಗ ಹೆಡ್‌ಲೈಟ್ ಮಂಕಾಗುತ್ತಿತ್ತು, ಮತ್ತು ಅಂಥ ಓಟದ ಮರುದಿನ ಬ್ಯಾಟರಿ ಸತ್ತಿರುತ್ತಿತ್ತು. ತೊಂದರೆ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬುದನ್ನೆಲ್ಲ ವಿವರಿಸಿದ ಮೇಲೂ ಸರ್ವಿಸ್ ಅಡ್ವೈಸರ್ ಜಾಬ್ ಕಾರ್ಡ್‌ನಲ್ಲಿ ಬರೆದುಕೊಂಡದ್ದು ‘ಜನರಲ್ ಚೆಕಪ್, ವಾಟರ್ ವಾಶ್’ ಎಂದು ಮಾತ್ರ. ಸಂಜೆ ಗಾಡಿಯನ್ನು ಹೊಳೆಯುವಂತೆ ತೊಳೆದು, ‘ಎಲ್ಲ ಚೆಕ್ ಮಾಡಿದೀವಿ ಸರ್, ಏನೂ ಪ್ರಾಬ್ಲಂ ಇಲ್ಲ’ ಎಂದು ಕೈಗೆ ಕೊಟ್ಟರು. ಮುಂದಿನ ಭೇಟಿಯಲ್ಲಿ ಬ್ಯಾಟರಿ ಬದಲಾಯಿಸಿದರು. ಹೊಸ ಬ್ಯಾಟರಿಯೂ ಹಳೆಯದರ ಹಾದಿಯನ್ನೇ ಹಿಡಿಯಿತು.

ಅದೇ ಕಂಪನಿಯ ಇನ್ನೊಬ್ಬ ಡೀಲರ್ ಬಳಿ ನಡೆದದ್ದು ಬೇರೆಯೇ. ಅಲ್ಲಿನ ಮೆಕ್ಯಾನಿಕ್ ಬೈಕ್ ಅನ್ನು ಸ್ಟ್ಯಾಂಡ್ ಹಾಕಿ, ಫ್ಯಾನ್ ಶುರುವಾಗುವವರೆಗೂ ಎಂಜಿನ್ ಚಾಲೂ ಇಟ್ಟು, ಆಮೇಲೆ ಬ್ಯಾಟರಿಯ ಟರ್ಮಿನಲ್‌ಗಳಿಗೆ ಮಲ್ಟಿಮೀಟರ್ ಹಿಡಿದರು. ಆಕ್ಸಿಲರೇಟರ್ ಸ್ವಲ್ಪ ಏರಿಸಿದಾಗ 14 ವೋಲ್ಟ್‌ನ ಆಸುಪಾಸಿನಲ್ಲಿ ಇರಬೇಕಾದದ್ದು 13ನ್ನೂ ಮುಟ್ಟುತ್ತಿರಲಿಲ್ಲ. ಪಕ್ಕದ ಪ್ಯಾನೆಲ್ ಬಿಚ್ಚಿ, ಎಂಜಿನ್ ತಿರುಗುವಾಗ ವಿದ್ಯುತ್ ಉತ್ಪಾದಿಸುವ ಸ್ಟೇಟರ್‌ನಿಂದ ಬರುವ ಕನೆಕ್ಟರ್ ಕಳಚಿ ತೋರಿಸಿದಾಗ ಕಾರಣ ಕಣ್ಣಿಗೇ ಕಂಡಿತು: ಬಿಳಿ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಕಂದು ಬಣ್ಣಕ್ಕೆ ತಿರುಗಿ, ಅಂಚು ಕರಗಿತ್ತು. ಪಿನ್ ಸಡಿಲವಾದರೆ ಅಲ್ಲಿ ವಿದ್ಯುತ್ ಹರಿವಿಗೆ ತಡೆ ಹೆಚ್ಚುತ್ತದೆ, ತಡೆಯಿಂದ ಬಿಸಿ ಹುಟ್ಟುತ್ತದೆ, ಬಿಸಿಯಿಂದ ಪಿನ್ ಇನ್ನಷ್ಟು ಹಾಳಾಗುತ್ತದೆ. ಕನೆಕ್ಟರನ್ನೂ, ಆ ವಿದ್ಯುತ್ತನ್ನು ಬ್ಯಾಟರಿಗೆ ತಕ್ಕಂತೆ ಹದಗೊಳಿಸುವ ರೆಗ್ಯುಲೇಟರ್ ರೆಕ್ಟಿಫೈಯರನ್ನೂ ವಾರಂಟಿಯಲ್ಲೇ ಬದಲಾಯಿಸಿ, ದುರಸ್ತಿಗೆ ಮುಂಚಿನ ಮತ್ತು ನಂತರದ ವೋಲ್ಟೇಜ್ ಎರಡನ್ನೂ ಜಾಬ್ ಕಾರ್ಡ್‌ನಲ್ಲಿ ಬರೆದುಕೊಟ್ಟರು. ಎರಡೂ ಕಡೆ ಅದೇ ಫಲಕ, ಅದೇ ಸರ್ವಿಸ್ ಮ್ಯಾನ್ಯುಯಲ್. ತೊಂದರೆ ಕಾಣಿಸಿಕೊಳ್ಳುವವರೆಗೆ ಕಾಯುವ ತಾಳ್ಮೆ ಮಾತ್ರ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಹೀಗಾಗಿ ಎರಡನೆಯ ಬೈಕ್ ಕೊಳ್ಳುವಾಗ ಶೋರೂಮ್‌ಗಿಂತ ಮೊದಲು ಬಿಡಿಭಾಗಗಳ ಕೌಂಟರ್‌ಗೆ ಹೋದೆ. ಗಾಡಿ ನಿಂತಲ್ಲೇ ವಾಲಿ ಬಿದ್ದರೂ ಮುರಿಯುವ ಬ್ರೇಕ್ ಲಿವರ್, ಇಂಡಿಕೇಟರ್, ಜೊತೆಗೆ ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್ ಇವು ಕಪಾಟಿನಲ್ಲಿವೆಯೇ, ತರಿಸಿಕೊಡಬೇಕೇ ಎಂದು ಕೇಳಿದರೆ ಮಾರಾಟ ಪ್ರತಿನಿಧಿಯ ಬಾಯಿಂದ ಬಾರದ ಉತ್ತರಗಳು ಅಲ್ಲಿ ಸಿಗುತ್ತವೆ. ಮಾಡೆಲ್ ಹೆಸರು ಹೇಳಿದ ಕೂಡಲೇ ಚಾಸಿ ನಂಬರ್ ಕೇಳುವವರು ಕೆಲಸ ಬಲ್ಲವರು, ಏಕೆಂದರೆ ಒಂದೇ ಮಾಡೆಲ್‌ನಲ್ಲೂ ನಡುವೆ ಭಾಗಗಳು ಬದಲಾಗಿರುತ್ತವೆ, ಮತ್ತು 17 ಅಕ್ಷರ ಹಾಗೂ ಅಂಕೆಗಳ ಆ ಸಂಖ್ಯೆಯೊಂದೇ ಸರಿಯಾದ ಭಾಗವನ್ನು ಗುರುತಿಸಬಲ್ಲದು. (ಒಂದು, ಸೊನ್ನೆಗಳ ಜೊತೆ ಗೊಂದಲವಾಗದಿರಲೆಂದು ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದೇ ಇಲ್ಲ.)

ಡೀಲರ್‌ನ ಮೇಲೆ ಎಷ್ಟು ಅವಲಂಬಿತರಾಗಬೇಕಾಗುತ್ತದೆ ಎಂಬುದನ್ನು ಬೈಕ್‌ನ ವಿನ್ಯಾಸವೂ ನಿರ್ಧರಿಸುತ್ತದೆ. ಡುಕಾಟಿಯ ಹೆಸರಾಂತ ಡೆಸ್ಮೋಡ್ರೋಮಿಕ್ ಎಂಜಿನ್‌ಗಳಲ್ಲಿ ವಾಲ್ವ್ (ಇಂಧನದ ಮಿಶ್ರಣವನ್ನು ಒಳಬಿಟ್ಟು ಹೊಗೆಯನ್ನು ಹೊರಬಿಡುವ ಕವಾಟ) ತೆರೆಯುವುದಷ್ಟೇ ಅಲ್ಲ, ಮುಚ್ಚುವುದೂ ಸ್ಪ್ರಿಂಗ್‌ನಿಂದಲ್ಲದೆ ರಾಕರ್ ಎಂಬ ಸನ್ನೆಯಿಂದಲೇ ಆಗುವುದರಿಂದ ಎರಡೂ ಕಡೆಯ ಕ್ಲಿಯರೆನ್ಸ್ (ಭಾಗಗಳ ನಡುವಿನ ಸಣ್ಣ ಸಂದು) ಅಳೆಯಬೇಕಾಗುತ್ತದೆ, ಮತ್ತು ಅದು ಎಲ್ಲ ಗ್ಯಾರೇಜ್‌ಗಳ ಕೆಲಸವಲ್ಲ. ಅದೇ ಕಂಪನಿ 2021ರ ಮಲ್ಟಿಸ್ಟ್ರಾಡಾ ವಿ4ರಲ್ಲಿ ಸಾಮಾನ್ಯ ವಾಲ್ವ್ ಸ್ಪ್ರಿಂಗ್‌ಗೆ ಮರಳಿ, ವಾಲ್ವ್ ಪರೀಕ್ಷೆಯ ಅಂತರವನ್ನು 60,000 ಕಿಲೋಮೀಟರ್‌ಗೆ ಏರಿಸಿತು. ಸರ್ವಿಸ್‌ನ ಹೊರೆ ಕಂಪನಿಗೂ ತಟ್ಟಿದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಈಗಿನ ಹಲವು ಬೈಕ್‌ಗಳಲ್ಲಿ ಚಕ್ರ ಲಾಕ್ ಆಗದಂತೆ ಬ್ರೇಕ್ ಅನ್ನು ನಿಯಂತ್ರಿಸುವ ಎಬಿಎಸ್ ಘಟಕದ ದ್ರವದಲ್ಲಿ ಸೇರಿದ ಗಾಳಿ ತೆಗೆಯುವುದಕ್ಕೂ ಕಂಪನಿಯ ಸ್ಕ್ಯಾನರ್ ಬೇಕಾಗುತ್ತದೆ. ಅಂಥ ಗಾಡಿಗೆ ನಂಬಿಕಸ್ತ ಡೀಲರ್ ಹತ್ತಿರದಲ್ಲಿಲ್ಲದಿದ್ದರೆ ಬೇರೆ ದಾರಿ ಉಳಿಯುವುದಿಲ್ಲ.

ಕಂಪನಿಯ ಆರ್ಥಿಕ ಸ್ಥಿತಿಯನ್ನೂ ಸ್ವಲ್ಪ ನೋಡಬೇಕು. ಹಾರ್ಲೆ ಡೇವಿಡ್‌ಸನ್ 2009ರಲ್ಲಿ ತನ್ನ ಒಡೆತನದ ಬ್ಯುಯೆಲ್ ಬೈಕ್‌ಗಳ ತಯಾರಿಕೆಯನ್ನೇ ನಿಲ್ಲಿಸಿದಾಗಲೂ ವಾರಂಟಿ ಮತ್ತು ಬಿಡಿಭಾಗಗಳು ಹಾರ್ಲೆ ಡೀಲರ್‌ಗಳ ಮೂಲಕ ಮುಂದುವರಿದವು, ಆ ಜಾಲ ಇರದಿದ್ದರೆ ಮಾಲೀಕರ ಪಾಡು ಬೇರೆಯಾಗುತ್ತಿತ್ತು. ಆಸ್ಟ್ರಿಯಾದ ಕೆಟಿಎಂ 2024ರ ನವೆಂಬರ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋದಾಗ ಅಲ್ಲಿನ ಕಾರ್ಖಾನೆಯೂ ಕೆಲಕಾಲ ನಿಂತಿತ್ತು. ಬಜಾಜ್ ಆಟೋ ಹಣ ಒದಗಿಸಿದ ಮೇಲೆ ಪರಿಸ್ಥಿತಿ ತಿಳಿಯಾಯಿತು.

ಈಗಿನ ಬೈಕ್ ಮೊದಲಿನದರಷ್ಟು ಹುರುಪಿನದಲ್ಲ. ಮೇಲಿನ ಗೇರ್‌ನಲ್ಲಿ ಹ್ಯಾಂಡಲ್ ನಡುಗುತ್ತದೆ, ಸೀಟು ಗಟ್ಟಿ, ಹೆಡ್‌ಲೈಟ್ ಹೆದ್ದಾರಿಗೆ ಸಾಲದು. ಆದರೂ ಇದರಿಂದ ನನಗೆ ತೃಪ್ತಿಯಿದೆ. ಸರ್ವಿಸ್ ಸೆಂಟರ್‌ನವರು ಹೆಚ್ಚುವರಿ ಕೆಲಸ ಕಂಡರೆ ಫೋನ್ ಮಾಡಿ ಒಪ್ಪಿಗೆ ಪಡೆಯುತ್ತಾರೆ, ತೆಗೆದ ಹಳೆಯ ಭಾಗವನ್ನು ತೋರಿಸುತ್ತಾರೆ, ಚಕ್ರದ ಆಕ್ಸಲ್ ನಟ್ ಬಿಗಿಯುವಾಗ, ನಿಗದಿತ ಬಿಗಿತವನ್ನು ತೋರಿಸುವ ಟಾರ್ಕ್ ರೆಂಚ್ ಹಿಡಿಯುತ್ತಾರೆ. ದೂರುಗಳೂ ಇಲ್ಲದಿಲ್ಲ. ವಾರಾಂತ್ಯದಲ್ಲಿ ಸರದಿ ಸಿಗುವುದು ಕಷ್ಟ. ಬ್ರೇಕ್ ದ್ರವ ತೇವಾಂಶ ಹೀರಿಕೊಳ್ಳುತ್ತದೆ ಎಂಬುದು ನಿಜವಾದರೂ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂದು ಮ್ಯಾನ್ಯುಯಲ್ ಹೇಳುವಾಗ ಇವರು ಪ್ರತಿ ವರ್ಷವೂ ಅದನ್ನು ಬಿಲ್ಲಿಗೆ ಸೇರಿಸಲು ನೋಡುತ್ತಾರೆ. ಪುಟ ತೆರೆದು ತೋರಿಸಿದರೆ ಮರುಮಾತಿಲ್ಲದೆ ಬಿಡುತ್ತಾರೆ, ಆದರೆ ಪ್ರತಿ ಸಲವೂ ತೋರಿಸಬೇಕು. ಬ್ರೇಕ್ ಪ್ಯಾಡ್, ಚೈನ್, ಕ್ಲಚ್ ಪ್ಲೇಟ್‌ಗಳಂಥ ಸವೆಯುವ ಭಾಗಗಳು ವಾರಂಟಿಗೆ ಸಾಮಾನ್ಯವಾಗಿ ಬರುವುದಿಲ್ಲ, ಇದರಲ್ಲಿ ಯಾವ ಡೀಲರ್‌ನನ್ನೂ ದೂರುವಂತಿಲ್ಲ.

ವಾರಂಟಿ ಮುಗಿದ ಮೇಲೆ ಚೈನ್ ಸ್ವಚ್ಛಗೊಳಿಸುವುದನ್ನೂ ಆಯಿಲ್ ಬದಲಾಯಿಸುವುದನ್ನೂ ನಾನೇ ಮಾಡಿಕೊಳ್ಳುತ್ತಿದ್ದೇನೆ. ಎಂಜಿನ್ ಆಯಿಲ್‌ನಲ್ಲೇ ಮುಳುಗಿರುವ ಕ್ಲಚ್ ಜಾರಬಾರದೆಂದು ಡಬ್ಬಿಯ ಮೇಲೆ ಜಾಸೋ ಎಂಎ2 ಎಂಬ ಜಪಾನಿ ಮಾನದಂಡದ ಗುರುತು ನೋಡಿ ಕೊಳ್ಳುತ್ತೇನೆ. ವಾಲ್ವ್ ಕ್ಲಿಯರೆನ್ಸ್‌ಗೆ ಮಾತ್ರ ಈಗಲೂ ಗಾಡಿಯನ್ನು ಅಲ್ಲಿಗೇ ಒಯ್ಯುತ್ತೇನೆ. ಮಿಲಿಮೀಟರ್‌ನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅಳೆಯಬೇಕಾದ ಕೆಲಸ ಅದು, ಮತ್ತು ಪ್ರತಿ ವಾಲ್ವಿನ ಅಳತೆಯನ್ನು ಬೇರೆ ಬೇರೆಯಾಗಿ ಬರೆದು ಬಿಲ್ಲಿನ ಜೊತೆ ಲಗತ್ತಿಸಿ ಕೊಡುವವರು ನಾನು ಕಂಡ ಸರ್ವಿಸ್ ಸೆಂಟರ್‌ಗಳಲ್ಲಿ ಇವರೊಬ್ಬರೇ.